ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ಸುತ್ತುವವರು ರೂಮ್ ಬಾಡಿಗೆ ಉಳಿಸುವುದು ಹೇಗೆ?

ಶಿರಸಿ, ಕಾರವಾರದ ಕಡೆಯಿಂದ ಹೊರಟವರೇ, ಊರಿಂದ ಊರಿಗೆ ರಾತ್ರಿಯೇ ಹೋಗಿ. ಬ್ಯಾಂಕಾಕ್‌ನಿಂದ ಚಿಯಾಂಗ್ ಮಾಯ್‌ಗೆ, ಹನೋಯ್‌ನಿಂದ ಡಾ ನಾಂಗ್‌ಗೆ ಸ್ಲೀಪರ್ ರೈಲಿದೆ. ನಾವು ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಬಸ್ ಹತ್ತುತ್ತೇವಲ್ವಾ, ಹಾಗೇ. ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ. ಚೆಕ್‌-ಇನ್ ಮಧ್ಯಾಹ್ನವಾದರೂ ಪ್ರವಾಸಿಗರು ತಂಗುವ ಹಾಸ್ಟೆಲ್‌ನವರು ಸಾಮಾನ್ಯವಾಗಿ ಬೆಳಿಗ್ಗೆಯೇ ಬ್ಯಾಗ್ ಇಟ್ಟುಕೊಳ್ಳುತ್ತಾರೆ. ಸ್ನಾನಕ್ಕೂ ಕೇಳಿ ನೋಡಿ, ಸಂಕೋಚ ಬೇಡ.

ಹಲವರು ಒಟ್ಟಿಗೆ ಮಲಗುವ ಕೋಣೆ, ಅಂದರೆ ಡಾರ್ಮ್‌ನಲ್ಲಿ ಲಾಕರ್ ಇರುತ್ತದೆ, ಬೀಗ ಎಷ್ಟೋ ಕಡೆ ಇರುವುದಿಲ್ಲ. ಸಪೂರ ಕೊಂಡಿಯ ಸಣ್ಣ ಬೀಗ ಒಯ್ಯಿರಿ. ಮನೆ ಬಾಗಿಲಿನ ಬೀಗ ತಂದರೆ ಆ ತೂತಿಗೆ ಹೋಗುವುದೇ ಇಲ್ಲ, ಸುಮ್ನೆ ಭಾರ! ಮೊದಲೆರಡು ರಾತ್ರಿಗಷ್ಟೇ ಬುಕ್ ಮಾಡಿ, ಜಾಗ ಹಿಡಿಸಿದರೆ ಮುಂದುವರಿಸಿ.

ಬಾಡಿಗೆಯ ಮಾತಲ್ಲದಿದ್ದರೂ ಇದೊಂದು ನೆನಪಿರಲಿ: ವಿಯೆಟ್ನಾಂ ಇ-ವೀಸಾ (ಆನ್‌ಲೈನ್‌ನಲ್ಲಿ ಪಡೆಯುವ ವೀಸಾ) ಅರ್ಜಿಯಲ್ಲಿ ಒಳಗೆ ಹೋಗುವ ಗಡಿಯ ಹೆಸರು ಆರಿಸಬೇಕು. ಲಾವೋಸ್‌ನಿಂದ ಬಸ್ಸಿನಲ್ಲಿ ದಾಟುವವರು ಜಾಸ್ತಿ ಹುಷಾರು, ಎಲ್ಲ ಗಡಿಯಲ್ಲೂ ಇ-ವೀಸಾ ನಡೆಯುವುದಿಲ್ಲ.