ಅಹವಾಲು ಸಭೆಗೆ ಮುಂಚೆ ಊರಲ್ಲಿ ನಾವು ಮಾಡಿದ್ದು

ಬೀದಿಗಿಳಿದು ಹೋರಾಡೋದು ಗದಗ ಜಿಲ್ಲೆಗೆ ಹೊಸದಲ್ಲ. ಕಪ್ಪತಗುಡ್ಡ ಬೆಟ್ಟಸಾಲನ್ನು ಗಣಿಯಿಂದ ಉಳಿಸಲು ತೋಂಟದ ಸಿದ್ಧಲಿಂಗ ಸ್ವಾಮೀಜಿ ಜೊತೆ ಜನ ನಿಂತರು, 2019ರಲ್ಲಿ ಅದು ವನ್ಯಜೀವಿ ಧಾಮವೂ ಆಯಿತು. ಆದರೆ ಕಾಗದದ ಕೆಲಸದಲ್ಲಿ ನಮ್ಮ ಹಳ್ಳಿಗಳು ಹಿಂದೆ ಬೀಳುತ್ತವೆ. ಮುಂಡರಗಿ ಕಡೆಯ ಒಂದು ಊರಲ್ಲಿ ನಾನು ಕೈ ಹಾಕಿದ್ದು ಅದಕ್ಕೇ.

2006ರ ಪರಿಸರ ಅಧಿಸೂಚನೆ ಪ್ರಕಾರ ಗಣಿ ಅಹವಾಲು ಸಭೆಗೆ, ಅಂದರೆ ಗಣಿಗೆ ಅನುಮತಿ ಕೊಡುವ ಮುಂಚೆ ಊರಿನವರ ಮಾತು ಕೇಳುವ ಸಭೆಗೆ, ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು, ಗಣಿಯಿಂದ ಪರಿಸರಕ್ಕೆ ಏನಾಗುತ್ತೆ ಅನ್ನುವ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ನಮ್ಮ ಕೆಲಸ ಎಲ್ಲ ಆ 30 ದಿನದಲ್ಲೇ. ಸಾರಾಂಶ ಪೂರ್ತಿ ಹೆಕ್ಟೇರ್ ಲೆಕ್ಕ. ಅದನ್ನು ಎಕರೆ-ಗುಂಟೆಗೆ ತಂದು, ಸರ್ವೆ ನಂಬರ್ ಬರೆದು, ಉತಾರ (ಪಹಣಿ) ಪಕ್ಕದಲ್ಲಿಟ್ಟುಕೊಂಡು ಚಾವಡಿಯಲ್ಲಿ ಓದಿದೆವು. “ಇದು ನಮ್ಮ ಕಾಕಾನ ಹೊಲದ ಬದು ಅಲ್ಲೇನ್ರಿ?” ಅಂತ ಒಬ್ಬರು ಎದ್ದರು. ಅಲ್ಲಿಂದ ಮಾತು ಶುರು.

ಹೆಣ್ಣುಮಕ್ಕಳನ್ನು ಪಂಚಾಯ್ತಿಗೆ ಕರೆದರೆ ಹಿಂದೆ ಕೂತು ಸುಮ್ನಿರುತ್ತಾರೆ. ಹಾಗಾಗಿ ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ನಾವೇ ಹೋದೆವು. ಗುಡಿ ಮುಂದೆ ರಂಗೋಲಿ ಪುಡಿಯಲ್ಲಿ ಊರ ನಕ್ಷೆ ಬಿಡಿಸಿದರು: ಹಳ್ಳ, ಬೋರ್‌ವೆಲ್, ದನ ಮೇಯುವ ಗಾಯರಾಣ, ಮಕ್ಕಳು ಸಾಲಿಗೆ ಹೋಗುವ ದಾರಿ. ಟಿಪ್ಪರ್ ಓಡಾಡುವ ದಾರಿಯನ್ನು ಕುಂಕುಮದಲ್ಲಿ ಎಳೆದರೆ ಅದು ಸಾಲಿ ದಾರಿ ಮೇಲೆಯೇ ಬಂತು! ವರದಿಯಲ್ಲಿ ಅದಕ್ಕೆ ‘ಹಾಲಿ ರಸ್ತೆ’ ಅಂತಷ್ಟೇ ಇತ್ತು. ಕುರಿ ಕಾಯುವ ಅಜ್ಜ ಒಬ್ಬರು ಮಳೆಗಾಲದಲ್ಲಿ ಮಾತ್ರ ಹರಿಯುವ ಸಣ್ಣ ಹಳ್ಳ ತೋರಿಸಿದರು, ವರದಿಯಲ್ಲಿ ಅದರ ಸುಳಿವೇ ಇರಲಿಲ್ಲ.

ಇದನ್ನೆಲ್ಲ ಪ್ರಶ್ನೆಗಳಾಗಿ ಬರೆದು, ಸಹಿ ಹಾಕಿಸಿ, ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಂಡೆವು. ಸಭೆ ಕೊನೆಗೆ ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು ಅಂತ ನಿಯಮ ಇದೆ. ಅಲ್ಲಿಯವರೆಗೆ ಯಾರೂ ಏಳಬೇಡಿ ಅಂತ ಮೊದಲೇ ಹೇಳಿಟ್ಟಿದ್ದೆವು.

ಈಗಿನ ಚಿಂತೆ ಬೇರೆ. ಲಿಥಿಯಂ, ಗ್ರಾಫೈಟ್, ವೆನೇಡಿಯಂನಂಥ ನಿರ್ಣಾಯಕ ಖನಿಜಗಳ ಗಣಿಗೆ ಈ ಸಭೆಯೇ ಬೇಡ ಅಂತ ಕೇಂದ್ರ ಪರಿಸರ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಆದೇಶ ಹೊರಡಿಸಿತು. ದೇಶಕ್ಕೆ ಬ್ಯಾಟರಿ ಬೇಕು, ಒಪ್ಪುತ್ತೇನೆ. ಆದರೆ ಆ ಹಳ್ಳದ ವಿಷಯ ಅಜ್ಜನನ್ನು ಬಿಟ್ಟು ಇನ್ಯಾರು ಹೇಳ್ತಾರೆ?

ಅದಕ್ಕೇ ನಾವೀಗ ನೋಟಿಸ್‌ಗೆ ಕಾಯೋದಿಲ್ಲ. ಅಕ್ಕಪಕ್ಕದ ಊರುಗಳಲ್ಲೂ ನಕ್ಷೆ ಮಾಡಿಸಿ, ಗ್ರಾಮಸಭೆಯಲ್ಲಿ ಠರಾವು ಬರೆಸಿ ಡಿಸಿ ಕಚೇರಿಗೆ ಕಳಿಸುತ್ತಿದ್ದೇವೆ. ನೀವೂ ಮಾಡಿಸುವುದಾದರೆ ಠರಾವಿನ ಮೇಲೆ ಪಿಡಿಓ ಸಹಿ, ಸೀಲು, ಜಾವಕ ನಂಬರ್ (ಕಚೇರಿಯಿಂದ ಹೊರಹೋಗುವ ಪತ್ರದ ನಂಬರ್) ಮೂರೂ ಇವೆಯಾ ನೋಡಿಕೊಂಡೇ ಪ್ರತಿ ತಗೊಳ್ಳಿ.