ಹದಿನೆಂಟರ ಹುಡುಗನನ್ನು ಹಳೇ ಡ್ರಾಫ್ಟ್ ಜೊತೆ ತೂಗುವ ಬಗೆ

ಬದಿಯಡ್ಕದಲ್ಲಿ ಅಡಿಕೆ ಸುಲಿಯುತ್ತಾ ಮೊಬೈಲಿನಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ನೋಡುವವ ನಾನು. ಪರ್ತ್‌ನಲ್ಲಿರುವ ಅಕ್ಕನ ಮಗ ಹಚ್ಚಿದ ಹುಚ್ಚು. ಅಲ್ಲಿ ವರ್ಷಕ್ಕೊಮ್ಮೆ ಕ್ಲಬ್‌ಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ, ಅದೇ ಡ್ರಾಫ್ಟ್. ಪ್ರತಿ ವರ್ಷ ಅವನು ಕೇಳುತ್ತಾನೆ, "ಮಾವ, ಈ ಸಲದ ಹುಡುಗರು 2001ರವರಷ್ಟು ಜೋರಾ?"

ಮೊದಲು 2001 ಬದಿಗಿಡಿ. ಲ್ಯೂಕ್ ಹಾಡ್ಜ್, ಲ್ಯೂಕ್ ಬಾಲ್, ಕ್ರಿಸ್ ಜಡ್ ಮೊದಲ ಮೂರು ಆಯ್ಕೆ, ಮೂವರೂ ಆಮೇಲೆ ದೊಡ್ಡ ಆಟಗಾರರಾದರು. ಅಂಥ ಫಸಲು ವರ್ಷವರ್ಷ ಬರುವುದಿಲ್ಲ. ಬೇರೆ ಐದು ವರ್ಷದ ಮೊದಲ ಹತ್ತು ಹೆಸರು ಬರೆದು, ಯಾರು ನೂರು ಪಂದ್ಯ ಆಡಿದರು ಎಂದು ಗುರುತು ಹಾಕಿ. ಖಾಲಿ ಉಳಿದವರ ಸಂಖ್ಯೆ ನೋಡಿದರೆ ನಿಮ್ಮ ಉತ್ಸಾಹ ತಾನಾಗಿ ಇಳಿಯುತ್ತದೆ.

ಈಗಿನ ಹುಡುಗನನ್ನು ಜಡ್ ಆಮೇಲೆ ಏನಾದ ಎಂಬುದರ ಜೊತೆ ಹೋಲಿಸಬೇಡಿ. ಹದಿನೆಂಟರಲ್ಲಿ ಹೇಗಿದ್ದ, ಅದಷ್ಟೇ ಲೆಕ್ಕ. ಹುಟ್ಟಿದ ತಿಂಗಳೂ ನೋಡಿ. ಜನವರಿಯವನಿಗೂ ಡಿಸೆಂಬರಿನವನಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರ, ಆ ವಯಸ್ಸಿಗೆ ಅದು ಜಾಸ್ತಿಯೇ ಅಲ್ವಾ?

ತುಂಬಾ ಎತ್ತರದವರಿಗೆ ಮಾತ್ರ ತಾಳ್ಮೆ ಬೇಕು, ಅಡಿಕೆ ಸಸಿಯ ಹಾಗೆ. ಮ್ಯಾಕ್ಸ್ ಗಾನ್ 2009ರಲ್ಲಿ 34ನೇ ಆಯ್ಕೆ. ವರ್ಷದ ಅತ್ಯುತ್ತಮ ಆಟಗಾರರನ್ನು ಹೆಸರಿಸುವ ಆಲ್ ಆಸ್ಟ್ರೇಲಿಯನ್ ತಂಡಕ್ಕೆ ಮೊದಲು ಸೇರಿದ್ದು 2016ರಲ್ಲಿ. ನಾನಾಗಿದ್ದರೆ ಮೂರನೇ ವರ್ಷಕ್ಕೇ ಕಿತ್ತು ಬಿಸಾಡುತ್ತಿದ್ದೆ.