‘ಮತ್ತೆ ನೋಡುವ’ ಎಂದು ಬಿಟ್ಟ ವ್ಯಾಪಾರದ ಕೆಲಸ ಮುಗಿಸುವ ಕ್ರಮ

ಕೇರಳದ ಗಡಿನಾಡು ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಉಪ್ಪಳ, ಹೊಸಂಗಡಿಯಂಥ ಪೇಟೆಗಳಲ್ಲಿ ಒಬ್ಬರೋ ಇಬ್ಬರೋ ಸೇರಿ ನಡೆಸುವ ವ್ಯಾಪಾರವೇ ಹೆಚ್ಚು. ಮಾಲು ತರಿಸುವುದು, ಬಿಲ್ಲು, ಬಾಕಿ ವಸೂಲಿ, ಜಿಎಸ್‌ಟಿ ಎಲ್ಲವೂ ಒಂದೇ ತಲೆಯ ಮೇಲೆ. ಗಿರಾಕಿ ಎದುರು ನಿಂತು ಕೇಳುವ ಕೆಲಸ ಹೇಗೂ ಆಗುತ್ತದೆ. ಯಾರೂ ಕೇಳದ ಕೆಲಸ ‘ಮತ್ತೆ ನೋಡುವ’ ಎಂದು ಉಳಿಯುತ್ತದೆ. ಬೆಳಗ್ಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ನಿಂತು ದುಡಿಯುವವರಲ್ಲೂ ಇದು ಇರುವುದರಿಂದ ಸೋಮಾರಿತನ ಎನ್ನಲಾಗದು. ಹೆಚ್ಚಿನ ಸಲ ಒಂದು ತೀರ್ಮಾನ ಆಗಿರುವುದಿಲ್ಲ: ಎಷ್ಟು ಮಾಡಿದರೆ ಸಾಕು? ಅದು ಗೊತ್ತಿಲ್ಲದಾಗ ಕೆಲವರು ಕೆಲಸ ಶುರು ಮಾಡುವುದಿಲ್ಲ, ಕೆಲವರು ಶುರು ಮಾಡಿ ಮುಗಿಸುವುದಿಲ್ಲ.

ಮೊದಲು ಪಟ್ಟಿ, ಪಕ್ಕದಲ್ಲಿ ಕಾರಣ

ಹತ್ತು ನಿಮಿಷ ಕೂತು, ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಮುಂದೆ ಹೋಗುತ್ತಿರುವ ಕೆಲಸಗಳನ್ನೆಲ್ಲ ಕಾಗದದಲ್ಲಿ ಬರೆಯಿರಿ. ಮೊಬೈಲ್ ಬೇಡ, ಅದರಲ್ಲಿ ಬರೆಯಲು ಹೊರಟವರು ವಾಟ್ಸಾಪ್‌ಗೆ ಹೋಗಿಬಿಡುತ್ತಾರೆ. ಪ್ರತಿ ಕೆಲಸದ ಪಕ್ಕದಲ್ಲಿ ಈ ನಾಲ್ಕರಲ್ಲಿ ಒಂದು ಕಾರಣ ಹಾಕಿ: ಎಲ್ಲಿಂದ ಶುರು ಮಾಡುವುದೆಂದು ಗೊತ್ತಿಲ್ಲ, ಬೇರೆಯವರಿಂದ ಏನೋ ಬರಬೇಕು, ಮಾಡಲು ಮನಸ್ಸಿಗೆ ಹಿಂಸೆ, ಸರಿಯಾಗದಿದ್ದರೆ ಜನ ಏನೆಂದಾರು ಎಂಬ ಹೆದರಿಕೆ.

ಕಾರಣ ಬೇರೆಯಾದರೆ ಮದ್ದೂ ಬೇರೆ. ಬೇರೆಯವರಿಂದ ಬರಬೇಕಾದದ್ದಕ್ಕೆ ಇಂದೇ ಒಂದು ಫೋನ್ ಮಾಡಿ, ‘ಗುರುವಾರದೊಳಗೆ ಬಾರದಿದ್ದರೆ ಬೇರೆ ಕಡೆ ಕೇಳುತ್ತೇನೆ’ ಎಂದು ಹೇಳಿ ಪಟ್ಟಿಯಿಂದ ತೆಗೆಯಿರಿ. ಉಳಿದ ಮೂರಕ್ಕೆ ಮುಂದಿನ ಕ್ರಮಗಳು.

ಎಲ್ಲಿಂದ ಶುರು ಮಾಡುವುದೆಂದು ಗೊತ್ತಿಲ್ಲದ ಕೆಲಸ

‘ಜಿಎಸ್‌ಟಿ ಮಾಡಬೇಕು’ ಎಂದು ಬರೆದರೆ ಕೈ ಓಡದು. ಅದರೊಳಗೆ ಐದಾರು ಕೆಲಸಗಳಿವೆ. ಕೈಯಿಂದ ಮಾಡಬಹುದಾದ ಮೊದಲ ಹೆಜ್ಜೆ ಬರೆಯಿರಿ: ‘ಕಳೆದ ತಿಂಗಳ ಮಾರಾಟದ ಬಿಲ್ಲುಗಳನ್ನು ನಂಬರ್ ಪ್ರಕಾರ ಜೋಡಿಸುವುದು’. ಎರಡನೆಯದು, ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದ ಮಾಲಿನ ಬಿಲ್ಲುಗಳನ್ನು ಬೇರೆ ಇಡುವುದು. ಮಂಗಳೂರು ಎಷ್ಟು ಹತ್ತಿರವಾದರೂ ಅದು ಬೇರೆ ರಾಜ್ಯ, ತೆರಿಗೆ ಇರುವ ಮಾಲಿಗೆ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ಜಿಎಸ್‌ಟಿ) ಹಾಕಬೇಕು. ಈ ಕಡೆಯ ಬಿಲ್ಲುಗಳ ಜತೆ ಬೆರೆತರೆ ಕೊನೆಗೆ ಲೆಕ್ಕ ತಾಳೆಯಾಗುವುದಿಲ್ಲ, ಬೇಸರ ಬಂದು ಪುನಃ ಮುಂದೆ ಹಾಕುವುದು ಅಲ್ಲಿಂದಲೇ.

ಸರ್ಕಾರದ ಕೊನೆಯ ದಿನವನ್ನು ನಿಮ್ಮ ದಿನ ಮಾಡಿಕೊಳ್ಳಬೇಡಿ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, ಒಟ್ಟು ಲೆಕ್ಕ ತೋರಿಸಿ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ 20ಕ್ಕೆ. ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಕೇರಳದಲ್ಲಿ 13 ಮತ್ತು 22. ನಿಮ್ಮ ಕ್ಯಾಲೆಂಡರಿನಲ್ಲಿ 5ನೇ ತಾರೀಕಿಗೆ ಗುರುತು ಹಾಕಿ: ಆ ದಿನ ಬಿಲ್ಲುಗಳು ಅಕೌಂಟೆಂಟರ ಕೈ ಸೇರಿರಬೇಕು. 3ಬಿ ತಡವಾದರೆ, ಕಟ್ಟುವ ತೆರಿಗೆ ಇದ್ದವರಿಗೆ ದಿನಕ್ಕೆ 50 ರೂಪಾಯಿ, ಇಲ್ಲದವರಿಗೆ 20 ರೂಪಾಯಿ ದಂಡ. ಇದಕ್ಕೆ ಮೇಲ್ಮಿತಿ ಇದ್ದರೂ ಬಾಕಿ ತೆರಿಗೆಯ ಮೇಲಿನ ವರ್ಷಕ್ಕೆ ಶೇಕಡಾ 18ರ ಬಡ್ಡಿ ಬೇರೆ ಇದೆ.

ಸಾಕು ಎನ್ನುವ ಗೆರೆ

ಜನ ಏನೆಂದಾರು ಎಂಬ ಹೆದರಿಕೆಯಿಂದ ಉಳಿದ ಕೆಲಸಕ್ಕೆ ಈ ಕ್ರಮ. ಹೆಚ್ಚು ಹಾಳಾಗುವುದು ಇಲ್ಲಿ. ಪರಿಪೂರ್ಣತೆಯ ಹಂಬಲ ಹೊರಗಿಂದ ಶ್ರದ್ಧೆಯ ಹಾಗೆಯೇ ಕಾಣುವುದರಿಂದ ಮಾಡುವವರಿಗೂ ತಿಳಿಯುವುದಿಲ್ಲ. ಕೆಲಸ ಶುರು ಮಾಡುವ ಮೊದಲೇ ಕಾಗದದಲ್ಲಿ ಎರಡು ಸಾಲು ಮಾಡಿ. ಎಡಕ್ಕೆ, ತಪ್ಪಿದರೆ ಮತ್ತೆ ತಿದ್ದಲಾಗದ್ದು ಅಥವಾ ದಂಡ ಬೀಳುವಂಥದ್ದು. ಬಲಕ್ಕೆ, ಮುಂದಿನ ಸಲ ತಿದ್ದಬಹುದಾದದ್ದು. ಎಡ ಸಾಲಿಗೆ ರಾಜಿ ಇಲ್ಲ. ಬಲ ಸಾಲಿಗೆ ಇಷ್ಟೇ ಹೊತ್ತು ಎಂದು ಮಿತಿ ಹಾಕಿ.

ಹಲಸಿನ ಹಪ್ಪಳದ ಪ್ಯಾಕೆಟ್ಟನ್ನೇ ನೋಡಿ. ಎಡ ಸಾಲಿಗೆ ಬರುವವು: ಹಪ್ಪಳದ ಒಣಗು, ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ನಂಬರ್, ಸೇರಿಸಿದ ಸಾಮಗ್ರಿ, ಪೋಷಕಾಂಶದ ವಿವರ, ಸಸ್ಯಾಹಾರದ ಹಸಿರು ಗುರುತು, ತಯಾರಕರ ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್. ಒಣಗಿನ ಪರೀಕ್ಷೆ ಸುಲಭ: ಮಡಚಿದಾಗ ಟಕ್ಕನೆ ಮುರಿಯಬೇಕು. ಬಾಗಿದರೆ ಒಳಗೆ ಪಸೆ ಇದೆ ಎಂದೇ ಲೆಕ್ಕ. ಪ್ಯಾಕ್ ಮಾಡಿದರೆ ಮಳೆಗಾಲದಲ್ಲಿ ಬೂಸ್ಟು ಹಿಡಿದು, ಅಂಗಡಿಯವರು ಮುಂದಿನ ವರ್ಷ ಮಾಲು ಮುಟ್ಟುವುದಿಲ್ಲ. ಈ ಒಂದು ವಿಷಯದಲ್ಲಿ ಎಷ್ಟು ಹಠ ಹಿಡಿದರೂ ಹೆಚ್ಚಾಗದು.

ಬಲ ಸಾಲಿನಲ್ಲಿ ಇರಬೇಕಾದವು ಬಣ್ಣ, ಅಕ್ಷರದ ಚೆಂದ, ಲೋಗೊ. ಗಡಿನಾಡಿನಲ್ಲಿ ಇನ್ನೊಂದು ತೊಡಕೂ ಇದೆ: ಕನ್ನಡ ಮೇಲೆಯೋ ಮಲಯಾಳ ಮೇಲೆಯೋ, ಎಲ್ಲವನ್ನೂ ಮೂರು ಭಾಷೆಯಲ್ಲಿ ಹಾಕುವುದೋ ಎಂಬ ಚರ್ಚೆಯಲ್ಲೇ ವಾರಗಳು ಕಳೆಯುತ್ತವೆ. ಆಹಾರದ ಲೇಬಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇರಬೇಕು, ಬೇರೆ ಭಾಷೆಗಳನ್ನು ಹೆಚ್ಚುವರಿಯಾಗಿ ಹಾಕಬಹುದು. ಹಾಗಾಗಿ ಮೊದಲ ಸಲಕ್ಕೆ ಹೆಸರು ಮಾತ್ರ ಕನ್ನಡ ಮತ್ತು ಮಲಯಾಳದಲ್ಲಿ, ಉಳಿದದ್ದು ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಮಲಯಾಳದ ಅಕ್ಷರವನ್ನು ಆ ಭಾಷೆ ಓದಿ ಬರೆದು ಬಲ್ಲ ಒಬ್ಬರಿಗೆ ತೋರಿಸಿ. ಐದು ಜನರಿಗೆ ತೋರಿಸಿದರೆ ಐದು ಅಭಿಪ್ರಾಯ ಬರುತ್ತದೆ, ಲೇಬಲ್ ಪ್ರೆಸ್ಸಿಗೆ ಹೋಗುವುದಿಲ್ಲ.

ಬಣ್ಣದ ಕವರನ್ನು ಸಾವಿರಗಟ್ಟಲೆ ಪ್ರಿಂಟ್ ಮಾಡಿಸಬೇಡಿ. ಸಾದಾ ಕವರಿಗೆ 100 ಸ್ಟಿಕ್ಕರ್ ಹೊಡೆಸಿ ಐದಾರು ಅಂಗಡಿಗೆ ಕೊಡಿ. ಏನು ಬದಲಾಗಬೇಕೆಂದು ಅಂಗಡಿಯವರು ಎರಡು ವಾರದಲ್ಲಿ ಹೇಳುತ್ತಾರೆ, ಅದನ್ನು ಮುಂದಿನ 100ರಲ್ಲಿ ತಿದ್ದಿದರೆ ಆಯಿತು. ಕೇರಳಕ್ಕೆ ಮಳೆಗಾಲ ಕಾಲಿಡುವ ವಾಡಿಕೆಯ ದಿನ ಜೂನ್ 1. ಹಪ್ಪಳ ಒಣಗಿಸುವ ಬಿಸಿಲು ಏಪ್ರಿಲ್, ಮೇ ತಿಂಗಳಿನದು. ಲೋಗೊ ಸರಿಯಾಗಲೆಂದು ಕಾದು ಕೂತವರಿಗೆ ಹಲಸೂ ಬಿಸಿಲೂ ಕಾಯುವುದಿಲ್ಲ.

ಮನಸ್ಸಿಗೆ ಹಿಂಸೆಯಾಗುವ ಕೆಲಸ: ಬಾಕಿ ಕೇಳುವುದು

ಸಣ್ಣ ಊರಿನಲ್ಲಿ ಬಾಕಿ ಇಟ್ಟವರು ಸಂಬಂಧಿಕರೋ ನೆರೆಯವರೋ ಆಗಿರುತ್ತಾರೆ. ಜಾತ್ರೆಯಲ್ಲಿ, ಮದುವೆಯಲ್ಲಿ ಮುಖ ನೋಡಬೇಕು. ದಾಕ್ಷಿಣ್ಯ ಸಹಜ. ಆದರೆ ತಡವಾದಷ್ಟೂ ಕೇಳುವುದು ಇನ್ನೂ ಕಷ್ಟವಾಗುತ್ತದೆ. ಮಾತು ಮೊದಲೇ ಬರೆದಿಟ್ಟುಕೊಂಡರೆ ಅರ್ಧ ಭಾರ ಇಳಿಯುತ್ತದೆ:

‘ಅಣ್ಣಾ, ನಮಸ್ಕಾರ. ಮಾರ್ಚ್ 12ರ ಬಿಲ್ಲಿನ 8,400 ರೂಪಾಯಿ ಬಾಕಿ ಉಂಟು. ಬಿಲ್ಲಿನ ಫೋಟೊ ಕಳಿಸಿದ್ದೇನೆ. ಶನಿವಾರಕ್ಕೆ ಆಗಬಹುದಾ? ಪೂರ್ತಿ ಆಗದಿದ್ದರೆ ಅರ್ಧ ಹಾಕಿ, ಉಳಿದದ್ದು ಯಾವತ್ತು ಎಂದು ಹೇಳಿ.’

ತಾರೀಕು, ಮೊತ್ತ, ದಿನ ಮೂರೂ ಇರಬೇಕು. ‘ಸ್ವಲ್ಪ ಬಾಕಿ ಇತ್ತಲ್ಲ’ ಎಂದರೆ ‘ಹೌದು ಹೌದು, ಕೊಡುವ’ ಎಂಬ ಉತ್ತರದಲ್ಲಿ ಮಾತು ಮುಗಿಯುತ್ತದೆ. ವಾರದಲ್ಲಿ ಒಂದು ದಿನ, ಒಂದೇ ಹೊತ್ತಿನಲ್ಲಿ ಐದು ಜನರಿಗೆ ಮೆಸೇಜ್ ಮಾಡಿ. ದಿನವಿಡೀ ಒಬ್ಬೊಬ್ಬರಿಗೆ ಮಾಡಿದರೆ ಪ್ರತಿ ಸಲವೂ ಹೊಸತಾಗಿ ಧೈರ್ಯ ತಂದುಕೊಳ್ಳಬೇಕಾಗುತ್ತದೆ.

ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇರುವ ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇ ಕಾಯಿದೆಯ ಬಲವೂ ಇದೆ: ಲಿಖಿತ ಒಪ್ಪಂದ ಇದ್ದರೂ ಕೊಂಡವರು ಹಣ ಕೊಡಲು 45 ದಿನ ದಾಟುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಈ ನೋಂದಣಿ ಪೂರ್ತಿ ಉಚಿತ. ಹಾಳೆ ತಟ್ಟೆ, ಹಪ್ಪಳ, ಉಪ್ಪಿನಕಾಯಿಯನ್ನು ದೊಡ್ಡ ಸಗಟು ಅಂಗಡಿಗಳಿಗೆ ಕೊಡುವವರು ಬಿಲ್ಲಿನಲ್ಲಿ ಉದ್ಯಮ್ ನಂಬರ್ ಹಾಕಿದರೆ ಮಾತಿಗೆ ತೂಕ ಬರುತ್ತದೆ.

ಹೊತ್ತು ಹೊಂದಿಸುವುದು

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಕ್ರಮ 1980ರ ದಶಕದ ಕೊನೆಯಲ್ಲಿ ಇಟಲಿಯ ಒಬ್ಬ ವಿದ್ಯಾರ್ಥಿ ಮಾಡಿಕೊಂಡದ್ದು. ಅಂಗಡಿ ತೆರೆದ ಮೇಲೆ ಇದು ನಡೆಯದು, ಗಿರಾಕಿ ಬಂದೇ ಬರುತ್ತಾರೆ. ಶಟರ್ ಎತ್ತುವ ಮೊದಲಿನ ಅರ್ಧ ಗಂಟೆಯೇ ಸರಿ. ‘ಬೆಳಗ್ಗೆ ಮಾಡುತ್ತೇನೆ’ ಎಂದು ಬಿಡದೆ, ‘ಚಾ ಕುಡಿದು ಲೋಟ ಇಟ್ಟ ಕೂಡಲೇ ಬಿಲ್ಲಿನ ಫೈಲು ತೆರೆಯುತ್ತೇನೆ’ ಎಂದು ಇರುವ ಅಭ್ಯಾಸಕ್ಕೆ ಹೊಸ ಕೆಲಸವನ್ನು ಕಟ್ಟಿ. ಫೈಲನ್ನು ಹಿಂದಿನ ರಾತ್ರಿಯೇ ಮೇಜಿನ ಮೇಲೆ ತೆಗೆದಿಡಿ, ಹುಡುಕಾಟಕ್ಕೆ ಹೋದರೆ ಅರ್ಧ ಗಂಟೆ ಅಲ್ಲೇ ಮುಗಿಯುತ್ತದೆ. ದಿನಕ್ಕೆ ಇಂಥ ಒಂದೇ ಕೆಲಸ. ಹುಮ್ಮಸ್ಸಿನಲ್ಲಿ ನಾಲ್ಕು ಬರೆದುಕೊಂಡವರು ಮೂರನೇ ದಿನ ಪಟ್ಟಿಯನ್ನೇ ನೋಡುವುದಿಲ್ಲ.

ಒಂದು ದಿನ ತಪ್ಪಿದರೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಇದು ಬರೀ ಸಮಾಧಾನದ ಮಾತಲ್ಲ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದು ಕಂಡುಬಂತು. ಬೈಗುಳದಿಂದ ಆ ಕೆಲಸ ನೆನೆದರೇ ಕಿರಿಕಿರಿಯಾಗುತ್ತದೆ, ಕಿರಿಕಿರಿ ತಪ್ಪಿಸಲು ಮನಸ್ಸು ಮತ್ತೆ ದೂರ ಓಡುತ್ತದೆ.

ವಾರಕ್ಕೊಮ್ಮೆ, ಅಂಗಡಿಗೆ ರಜೆ ಇರುವ ದಿನ, ಪಟ್ಟಿ ತೆರೆದು ಮುಗಿದದ್ದಕ್ಕೆ ಗೆರೆ ಎಳೆಯಿರಿ. ಒಂದೇ ಕೆಲಸ ಮೂರು ವಾರ ಉಳಿದರೆ ಅದನ್ನು ಹಾಗೆಯೇ ಮುಂದಿನ ವಾರಕ್ಕೆ ಬರೆಯಬೇಡಿ. ಮೊದಲ ಹೆಜ್ಜೆಯನ್ನು ಇನ್ನೂ ಸಣ್ಣದು ಮಾಡಿ, ಇಲ್ಲವೇ ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಿ, ಅದೂ ಆಗದಿದ್ದರೆ ಆ ಕೆಲಸ ಬೇಡವೆಂದು ಹೊಡೆದುಹಾಕಿ. ಇನ್ನು, ವಾರಗಟ್ಟಲೆ ಯಾವ ಕೆಲಸಕ್ಕೂ ಮನಸ್ಸೇ ಬಾರದೆ, ನಿದ್ರೆ ಕೆಟ್ಟು, ಊಟ ಸೇರದೆ ಹೋದರೆ ಅದು ಪಟ್ಟಿಯಿಂದ ಸರಿಯಾಗುವ ಸಂಗತಿಯಲ್ಲ. ಜಿಎಸ್‌ಟಿಯ ದಿನಕ್ಕಿಂತ ಮೊದಲು ಡಾಕ್ಟರರನ್ನು ಕಾಣಿ.